ಗಣಕಯಂತ್ರವು ‘ತಪ್ಪು’ ಎಂದಾಗ ತಪ್ಪು ಯಾರದು?

ಹಿಂದಿನ ಕಾಲದಲ್ಲಿ ಅಂಗಡಿಯ ಲೆಕ್ಕವು ತಾಳೆಯಾಗದಿದ್ದರೆ ಗುಮಾಸ್ತನು ಕಿರ್ದಿಯನ್ನೂ ಖಾತೆಯನ್ನೂ ಮುಂದಿಟ್ಟುಕೊಂಡು ಪುಟಪುಟವನ್ನೂ ಹಿಂದಕ್ಕೆ ತಿರುವಿ, ಕೆಟ್ಟ ಅಂಕಿಯನ್ನು ಬೆರಳಿಟ್ಟು ಹಿಡಿಯುತ್ತಿದ್ದನು. ತಪ್ಪು ಅವನ ಕೈಯದೇ ಆಗಿರಬಹುದು, ಇನ್ನೊಬ್ಬರದೂ ಆಗಿರಬಹುದು. ಅದು ಎಲ್ಲಿದ್ದರೂ ಕಣ್ಣಿಗೆ ಕಾಣುವ ಕಾಗದದ ಮೇಲೆಯೇ ಇರುತ್ತಿತ್ತು. ಈಗ ಆ ಕಿರ್ದಿ ಖಾತೆಗಳೆಲ್ಲ ಗಣಕಯಂತ್ರದ ಒಡಲನ್ನು ಸೇರಿವೆ. ಖರೀದಿ, ಉಗ್ರಾಣ, ಸಂಬಳ, ಮಾರಾಟ, ತೆರಿಗೆ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಉದ್ಯಮ ತಂತ್ರಾಂಶಗಳು ಬಂದಿವೆ. ೧೯೭೨ರಲ್ಲಿ ಐಬಿಎಂ ಸಂಸ್ಥೆಯನ್ನು ಬಿಟ್ಟುಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಕಟ್ಟಿದ ಸ್ಯಾಪ್ ಇವುಗಳಲ್ಲಿ ಹೆಸರಾದದ್ದು. ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗುವ ಟ್ಯಾಲಿಯನ್ನು ಅರಿಯದ ವರ್ತಕನು ಇಂದು ವಿರಳ. ಇಂಥ ತಂತ್ರಾಂಶದಲ್ಲಿ ಏನಾದರೂ ಎಡವಟ್ಟಾದಾಗ ತೆರೆಯ ಮೇಲೆ ಒಂದು ವಾಕ್ಯವು ಮೂಡುತ್ತದೆ. ಕೋಟ್ಯಂತರ ರೂಪಾಯಿ ವೆಚ್ಚಮಾಡಿ ಕಟ್ಟಿದ ಈ ವ್ಯವಸ್ಥೆಗಳಲ್ಲಿ ಅತ್ಯಂತ ಕಡಮೆ ಆಲೋಚನೆಯಿಂದ ಬರೆಯಲ್ಪಡುವುದು ಆ ಒಂದು ವಾಕ್ಯವೇ ಎಂಬುದು ನನ್ನ ಅಭಿಪ್ರಾಯ. ಅದರಿಂದಾಗುವ ಹಾನಿಯು ತಲೆನೋವಿನಲ್ಲಿಯೇ ಮುಗಿಯುವುದಿಲ್ಲವೆಂಬುದನ್ನೂ ತೋರಿಸಬೇಕಾಗಿದೆ.

ಸ್ಯಾಪ್ ಬಳಸುವ ಉಗ್ರಾಣಗಳಲ್ಲೆಲ್ಲ ಚಿರಪರಿಚಿತವಾದ ಒಂದು ಸೂಚನೆಯನ್ನು ತೆಗೆದುಕೊಳ್ಳೋಣ. ಉಗ್ರಾಣದವನ ಎದುರಿಗೆ ಇಪ್ಪತ್ತು ಪೀಪಾಯಿ ಎಣ್ಣೆ ಸಾಲಾಗಿ ನಿಂತಿದೆ. ಕಾರ್ಖಾನೆಯವರು ಬಂದು ಕೇಳುತ್ತಾರೆ. ಅವನು ಕೊಟ್ಟೆನೆಂದು ಯಂತ್ರಕ್ಕೆ ತಿಳಿಸಹೋದರೆ, ‘ನಿರ್ಬಂಧರಹಿತ ದಾಸ್ತಾನಿನಲ್ಲಿ ೨೦ ಕೊರತೆ’ ಎಂಬರ್ಥದ ಇಂಗ್ಲಿಷ್ ಸೂಚನೆಯು ಕೆಂಪಗೆ ಮೂಡುತ್ತದೆ. ಕೈಗೆ ಸಿಕ್ಕುವ ಪೀಪಾಯಿಯನ್ನು ಇಲ್ಲವೆನ್ನುವ ಯಂತ್ರವನ್ನು ಅವನು ಶಪಿಸಿದರೆ ಆಶ್ಚರ್ಯವೇನು? ಆದರೂ ಯಂತ್ರವು ಸುಳ್ಳಾಡಿಲ್ಲ. ಅದು ಬಲ್ಲದ್ದು ಪುಸ್ತಕವನ್ನು ಮಾತ್ರ. ಉಗ್ರಾಣವನ್ನು ಅದು ಎಂದೂ ಕಂಡದ್ದಿಲ್ಲ. ಸರಕು ಬಂದ ದಾಖಲೆಯನ್ನು ಯಾರೂ ಇನ್ನೂ ಬರೆಯದಿರಬಹುದು. ಬರೆದಿದ್ದರೂ ಅದು ಗುಣಪರೀಕ್ಷೆ ಮುಗಿಯದ ದಾಸ್ತಾನೆಂದು ಬೇರೆಯಾಗಿ ನಿಂತಿರಬಹುದು. ಪಕ್ಕದ ಉಗ್ರಾಣದ ಹೆಸರಿಗೆ ಜಮೆಯಾಗಿರಬಹುದು. ಪೀಪಾಯಿಯ ಲೆಕ್ಕದಲ್ಲಿ ಬಂದದ್ದನ್ನು ಲೀಟರಿನ ಲೆಕ್ಕದಲ್ಲಿ ಕೇಳಿರಬಹುದು. ಈ ನಾಲ್ಕರಲ್ಲಿ ಯಾವುದು ನಿಜವೆಂಬುದು ಯಂತ್ರದ ದಾಖಲೆಯಲ್ಲಿಯೇ ಬಹುಮಟ್ಟಿಗೆ ಇರುತ್ತದೆ. ಅದನ್ನು ಹೇಳದೆ ‘ಕೊರತೆ’ ಎಂಬೊಂದು ಮಾತಿನಲ್ಲಿ ಮುಗಿಸುವುದು, ಬಾಗಿಲು ಹಾಕಿದೆಯೆಂದು ಹೇಳಿ ಬೀಗದ ಕೈ ಎಲ್ಲಿದೆಯೆಂಬುದನ್ನು ನುಂಗಿಕೊಂಡಂತೆ.

ಇದೇ ತಂತ್ರಾಂಶದಲ್ಲಿ ಇನ್ನೊಂದು ಸೂಚನೆಯುಂಟು. ಮುಚ್ಚಿಹೋದ ತಿಂಗಳಿನ ದಿನಾಂಕವನ್ನು ಹಾಕಿ ಸರಕಿನ ಚಲನೆಯನ್ನು ದಾಖಲಿಸಲು ಹೋದರೆ, ಈ ಕಂಪನಿಯ ಪುಸ್ತಕಗಳಲ್ಲಿ ಇಂಥಿಂಥ ಎರಡು ಅವಧಿಗಳಿಗೆ ಮಾತ್ರ ದಾಖಲಿಸಲು ಸಾಧ್ಯವೆಂದು ಅದು ಅವಧಿಗಳನ್ನು ಹೆಸರಿಸಿಯೇ ಹೇಳುತ್ತದೆ. ಓದಿದವನಿಗೆ ದಾರಿ ತಿಳಿಯುತ್ತದೆ: ದಿನಾಂಕವನ್ನು ತಿದ್ದಬೇಕು, ಇಲ್ಲವೇ ಲೆಕ್ಕವಿಭಾಗದವರನ್ನು ಕೇಳಬೇಕು. ಒಂದೇ ಮನೆಯಲ್ಲಿ ಎರಡು ಬಗೆಯ ಮಾತು! ಒಳ್ಳೆಯ ಸೂಚನೆಯನ್ನು ಬರೆಯುವುದು ಅಸಾಧ್ಯವೆಂದು ಹೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಆದರೆ ದೋಷವನ್ನು ಕಂಡವನೊಬ್ಬ, ಅದನ್ನು ಹೇಳುವವನು ಇನ್ನೊಬ್ಬ ಎಂಬುದು ಇಲ್ಲಿಯ ನಿಜವಾದ ತೊಡಕು. ಉದ್ಯಮ ತಂತ್ರಾಂಶವು ಪದರಪದರವಾಗಿ ಕಟ್ಟಲ್ಪಟ್ಟಿರುತ್ತದೆ. ಮೇಲೆ ಗುಮಾಸ್ತನು ಕಾಣುವ ತೆರೆ. ಅದರ ಕೆಳಗೆ ವ್ಯವಹಾರದ ನಿಯಮಗಳನ್ನು ಅರಿತ ಪದರ. ಅದಕ್ಕೂ ಕೆಳಗೆ ದತ್ತಾಂಶವನ್ನು ಕಾಯುವ ಭಂಡಾರ. ಇವುಗಳ ನಡುವೆ ಸುದ್ದಿಯನ್ನು ಒಯ್ಯುವ ತಂತಿಗಳು. ದೋಷವು ಬಹುವಾಗಿ ಸಿಕ್ಕಿಬೀಳುವುದು ತಳದಲ್ಲಿ. ಹಳೆಯ ಮೈಸೂರಿನ ಆಡಳಿತವನ್ನು ನೆನೆದುಕೊಂಡರೆ ಮುಂದಿನ ಸಂಗತಿಯು ಸುಲಭವಾಗಿ ತಿಳಿಯುವುದು. ಕೆರೆಯ ತೂಬಿನ ಕಲ್ಲು ಒಡೆದಿದೆಯೆಂದು ಶಾನುಭೋಗನು ಬರೆಯುತ್ತಾನೆ. ಕೆರೆಗೆ ಜಖಂ ಆಗಿದೆಯೆಂದು ಶೇಕದಾರನು ಬರೆಯುತ್ತಾನೆ. ನೀರಾವರಿಗೆ ಅಡಚಣೆಯೆಂದು ಅಮಲ್ದಾರನು ಬರೆಯುತ್ತಾನೆ. ಹುಜೂರು ಕಚೇರಿಯನ್ನು ಮುಟ್ಟುವ ವೇಳೆಗೆ ‘ಕೆಲವು ತೊಂದರೆಗಳಿವೆ’ ಎಂಬಷ್ಟೇ ಉಳಿಯುತ್ತದೆ. ‘ಅನಿರೀಕ್ಷಿತ ದೋಷ ಸಂಭವಿಸಿದೆ’ ಎಂದು ತೆರೆಯ ಮೇಲೆ ಮೂಡುವ ವಾಕ್ಯವು ಈ ಹುಜೂರು ವರದಿ. ಕೆಲವೊಮ್ಮೆ ಇದಕ್ಕೆ ತಿರುಗುಮುರುಗಾಗಿ, ಶಾನುಭೋಗನ ಕಾಗದವೇ ಯಾರೂ ಓದದೆ ಮೇಲಕ್ಕೆ ಬಂದುಬಿಡುತ್ತದೆ. ಒರಾಕಲ್ ದತ್ತಾಂಶ ಭಂಡಾರದ ‘ಓಆರ್‌ಎ-೦೦೦೦೧, ಅನನ್ಯತೆಯ ನಿರ್ಬಂಧ ಉಲ್ಲಂಘನೆ’ ಎಂಬುದು ಅಂಥದು. ‘ಈ ರಶೀದಿಯ ಸಂಖ್ಯೆ ಈಗಾಗಲೇ ದಾಖಲಾಗಿದೆ’ ಎಂಬ ಸರಳವಾದ ಸಂಗತಿಯು ಹೀಗೆ ವೇಷ ಮರೆಸಿಕೊಂಡು ಬರುತ್ತದೆ. ಆದಕಾರಣವೇ, ದೋಷದ ಮೂಲವನ್ನು ಹುಡುಕುವ ಅನುಭವಿಗಳು ತೆರೆಯ ಮೇಲಿನ ಕೊನೆಯ ಮಾತಿಗೆ ಮರುಳಾಗದೆ, ಯಂತ್ರದ ಒಳದಿನಚರಿಯಲ್ಲಿ ಮೊಟ್ಟಮೊದಲು ಬಿದ್ದ ದೂರನ್ನು ನೋಡುತ್ತಾರೆ. ಉಳಿದವುಗಳಲ್ಲಿ ಹೆಚ್ಚಿನವು ಅದರ ಪ್ರತಿಧ್ವನಿಗಳು.

ಸಂಕೇತಗಳಲ್ಲಿ ಮಾತನಾಡುವ ಈ ಚಾಳಿಗೆ ಒಂದು ಇತಿಹಾಸವಿದೆ. ಐಬಿಎಂ ಸಂಸ್ಥೆಯು ತನ್ನ ಸಿಸ್ಟಂ-೩೬೦ ಯಂತ್ರಗಳನ್ನು ೧೯೬೪ರ ಏಪ್ರಿಲ್‌ನಲ್ಲಿ ಪ್ರಕಟಿಸಿದಾಗ, ೩೦ನೆಯ ಮಾದರಿಯ ಸ್ಮೃತಿಕೋಶವು ಎಂಟು ಸಾವಿರ ಚಿಲ್ಲರೆ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಓದುಗರ ಕೈಯಲ್ಲಿರುವ ಈ ಲೇಖನವೇ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಪೂರ್ಣವಾಕ್ಯಗಳ ಐಷಾರಾಮಕ್ಕೆ ಎಡೆಯೆಲ್ಲಿ? ಯಂತ್ರವು ‘೦ಸಿ೭’ ಎಂದು ಮೂರಕ್ಷರ ಮುದ್ರಿಸಿ ಸುಮ್ಮನಾಗುತ್ತಿತ್ತು. ದಪ್ಪನೆಯ ಕೈಪಿಡಿಯನ್ನು ತೆರೆದು ಅದರ ಅರ್ಥವನ್ನು ನೋಡಿಕೊಳ್ಳಬೇಕಾಗಿತ್ತು. ಅಂಕಿ ಇರಬೇಕಾದ ಎಡೆಯಲ್ಲಿ ಅಂಕಿಯಲ್ಲದ್ದು, ಅನೇಕವೇಳೆ ಬರಿಯ ಖಾಲಿ ಜಾಗ, ಸಿಕ್ಕಿದ್ದರಿಂದ ಲೆಕ್ಕ ಮಾಡಲಾಗಲಿಲ್ಲ ಎಂಬುದು ಅದರ ತಾತ್ಪರ್ಯ. ಇಂದಿಗೂ ಅದೇ ವಂಶದ ಯಂತ್ರಗಳನ್ನು ನಡಸುವ ಬ್ಯಾಂಕುಗಳಲ್ಲಿ ಈ ಮೂರಕ್ಷರವು ಜೀವಂತವಾಗಿದೆ. ಸಂಕೇತಗಳನ್ನು ನಾನು ತಿರಸ್ಕರಿಸುವುದಿಲ್ಲ. ಭಾಷೆ ಬದಲಾದರೂ ಸಂಕೇತ ಬದಲಾಗದು, ಹುಡುಕಲು ಸುಲಭ, ದೂರವಾಣಿಯಲ್ಲಿ ಹೇಳಿದರೆ ತಪ್ಪಾಗಿ ಕೇಳಿಸದು. ಸಂಕೇತವೊಂದನ್ನೇ ಕೊಡುವುದಕ್ಕೆ ಆಗ ಕಾರಣವಿತ್ತು, ಈಗ ಇಲ್ಲ. ಸ್ಮೃತಿಕೋಶವು ಕೋಟಿಪಾಲು ದೊಡ್ಡದಾಗಿರುವಾಗಲೂ ಬಡತನದ ಕಾಲದ ಮೌನವನ್ನು ಮುಂದುವರಿಸುವುದು ಸೋಮಾರಿತನವಲ್ಲದೆ ಮತ್ತೇನು?

ಬೇಕೆಂದೇ ಅಸ್ಪಷ್ಟವಾಗಿ ಹೇಳುವ ಸಂದರ್ಭಗಳೂ ಇವೆಯೆಂಬುದನ್ನು ಒಪ್ಪಬೇಕು. ಹೆಸರು ತಪ್ಪೋ ಗುಪ್ತಪದ ತಪ್ಪೋ ಎಂಬುದನ್ನು ಪ್ರವೇಶದ್ವಾರದಲ್ಲಿ ಬಿಡಿಸಿ ಹೇಳಿದರೆ ಕಳ್ಳನಿಗೆ ಅರ್ಧ ದಾರಿ ತೋರಿಸಿದಂತಾಗುತ್ತದೆ. ಒರಾಕಲ್ ಭಂಡಾರವು ನೋಡುವ ಅಧಿಕಾರವಿಲ್ಲದವನಿಗೆ ‘ಅಂಥ ಕೋಷ್ಟಕವೇ ಇಲ್ಲ’ ಎನ್ನುವುದೂ ಇದೇ ಜಾಣತನ. ಇಂಥವು ಕೆಲವು ಮಾತ್ರ.

ಎಲ್ಲ ದೋಷಸೂಚನೆಗಳಲ್ಲಿಯೂ ವಿಜ್ಞಾನದ ದೃಷ್ಟಿಯಿಂದ ಅತ್ಯಂತ ಕುತೂಹಲಕರವಾದುದು ‘ನಿಗದಿಯಾದ ವೇಳೆಯೊಳಗೆ ಉತ್ತರ ಬರಲಿಲ್ಲ’ ಎಂಬುದು. ತುಮಕೂರಿನ ಸಾಹುಕಾರನಿಗೆ ಆಳಿನ ಕೈಯಲ್ಲಿ ಹಣವನ್ನು ಕಳುಹಿಸಿದ್ದೀರೆಂದು ಭಾವಿಸಿ. ಸಂಜೆಯಾದರೂ ಆಳು ಹಿಂತಿರುಗಲಿಲ್ಲ. ಹೋಗುವಾಗಲೇ ಅವನಿಗೆ ತಡೆಯಾಯಿತೋ, ಹಣವನ್ನು ತಲಪಿಸಿ ಬರುವಾಗ ತಡೆಯಾಯಿತೋ? ಮನೆಯಲ್ಲಿ ಕುಳಿತವರಿಗೆ ಈ ಎರಡೂ ಒಂದೇ ರೀತಿ ಕಾಣುತ್ತವೆ. ಮತ್ತೆ ಹಣ ಕಳುಹಿಸಿದರೆ ಎರಡು ಬಾರಿ ಕೊಟ್ಟಂತಾಗಬಹುದು. ಕಳುಹಿಸದಿದ್ದರೆ ಸಾಲ ತೀರದೆ ಉಳಿಯಬಹುದು. ಇನ್ನೊಬ್ಬ ಆಳನ್ನು ಕಳುಹಿಸಿ ವಿಚಾರಿಸೋಣವೆಂದರೆ ಅವನಿಗೂ ಅದೇ ಗತಿಯಾಗಬಹುದು. ನಂಬಲಾಗದ ದಾರಿಯ ಮೇಲೆ ಎಷ್ಟೇ ಓಲೆಗಳು ಹೋಗಿ ಬಂದರೂ ಇಬ್ಬರಿಗೂ ಪೂರ್ಣ ನಿಶ್ಚಯವು ದೊರೆಯಲಾರದೆಂಬುದನ್ನು ಗಣಕವಿಜ್ಞಾನಿಗಳು ೧೯೭೫ರಲ್ಲಿಯೇ ತೋರಿಸಿಕೊಟ್ಟರು. ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎಂದು ಅದು ಪ್ರಸಿದ್ಧವಾಗಿದೆ. ೨೦೧೬ರಿಂದ ಬಳಕೆಗೆ ಬಂದ ಯುಪಿಐ ಪಾವತಿಯಲ್ಲಿ, ಕೊಳ್ಳುವವನ ಖಾತೆಯಿಂದ ಹಣ ಹೋಗಿ ಅಂಗಡಿಯವನಿಗೆ ಸುದ್ದಿ ಬಾರದೆ ಇಬ್ಬರೂ ಮುಖಮುಖ ನೋಡಿಕೊಂಡು ನಿಲ್ಲುವ ದೃಶ್ಯವನ್ನು ಕಾಣದವರು ಯಾರು?

ಸಮಸ್ಯೆಯನ್ನು ಬೇರುಸಹಿತ ಕೀಳಲಾಗದಿದ್ದರೂ ಅದರ ಹಲ್ಲನ್ನು ಕೀಳಬಹುದು. ಪ್ರತಿಯೊಂದು ಕೋರಿಕೆಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಮತ್ತೊಮ್ಮೆ ಬಂದರೆ ಕೆಲಸವನ್ನು ಮತ್ತೆ ಮಾಡದೆ ಹಿಂದಿನ ಉತ್ತರವನ್ನೇ ಹೇಳುವಂತೆ ಯಂತ್ರವನ್ನು ಏರ್ಪಡಿಸಿದರಾಯಿತು. ಆಗ ಗುಮಾಸ್ತನು ಗುಂಡಿಯನ್ನು ಹತ್ತು ಸಲ ಒತ್ತಿದರೂ ಭಯವಿಲ್ಲ. ಹಾಗೆ ಏರ್ಪಡಿಸದಿದ್ದರೆ ಏನಾಗುವುದೆಂಬುದಕ್ಕೆ ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ ಎಂಬ ಹಳ್ಳಿಯ ಅಂಚೆಯ ವ್ಯವಹಾರವು ಸಾಕ್ಷಿಯಾಗಿದೆ. ೨೦೧೫ರಲ್ಲಿ ಅಲ್ಲಿಯವರು ೮,೦೦೦ ಪೌಂಡಿನ ಹಣದ ಚೀಲವೊಂದನ್ನು ಹೊರೈಜನ್ ಎಂಬ ತಂತ್ರಾಂಶದಲ್ಲಿ ಜಮೆಮಾಡಲು ಗುಂಡಿಯೊತ್ತಿದರು. ತೆರೆಯು ಕದಲಲಿಲ್ಲ. ಕದಲದ ತೆರೆಯನ್ನು ಕಂಡು ಯಾರಾದರೂ ಮಾಡುವುದನ್ನೇ ಅವರೂ ಮಾಡಿದರು, ಮತ್ತೆ ಮತ್ತೆ ಒತ್ತಿದರು. ಯಂತ್ರವು ನಾಲ್ಕು ಬಾರಿ ಜಮೆಮಾಡಿತು. ೨೪,೦೦೦ ಪೌಂಡುಗಳ ಸುಳ್ಳು ಕೊರತೆ ತಲೆಯ ಮೇಲೆ ಬಿದ್ದಿತು. ಒಂದು ದೋಷಸೂಚನೆಯೂ ಮೂಡಲಿಲ್ಲ. ಮುಂದೆ ವಿಚಾರಿಸಿದಾಗ ಐದು ವರ್ಷಗಳಲ್ಲಿ ಇಂಥ ಇಮ್ಮಡಿ ಜಮೆಯು ೧೧೨ ಬಾರಿ ಆಗಿತ್ತೆಂದು ಹೊರಬಿತ್ತು.

ಹೊರೈಜನ್‌ನ ಕಥೆಯನ್ನು ಇಷ್ಟಕ್ಕೇ ಬಿಡುವಂತಿಲ್ಲ. ಫುಜಿತ್ಸು ಸಂಸ್ಥೆಯ ಈ ತಂತ್ರಾಂಶವನ್ನು ಬ್ರಿಟನ್ನಿನ ಅಂಚೆ ಇಲಾಖೆಯು ೧೯೯೯ರಿಂದ ತನ್ನ ಶಾಖೆಗಳಿಗೆಲ್ಲ ಹರಡಿತು. ಲೆಕ್ಕದಲ್ಲಿ ಕೊರತೆ ಕಂಡುಬಂದರೆ ಅದನ್ನು ಉಪ ಅಂಚೆಪಾಲಕರು ತುಂಬಿಕೊಡಬೇಕು, ಇಲ್ಲವೇ ನ್ಯಾಯಾಲಯದ ಕಟ್ಟೆ ಹತ್ತಬೇಕು. ಫಾಲ್ಕಿರ್ಕ್ ಶಾಖೆಯಲ್ಲಿ ಬೆಳಕಿಗೆ ಬಂದ ಒಂದು ದೋಷವು, ಒಂದೇ ವರ್ಗಾವಣೆಯನ್ನು ಎರಡು ಬಾರಿ ಸ್ವೀಕರಿಸುವಂತೆ ಮಾಡುತ್ತಿತ್ತು. ಅದರ ಗುರುತು ಯಂತ್ರದ ಒಳದಿನಚರಿಯಲ್ಲಿ ಮೂಡುತ್ತಿದ್ದರೂ ಕಿಟಕಿಯ ಬಳಿ ಕುಳಿತವನಿಗೆ ಕಾಣುತ್ತಿರಲಿಲ್ಲ. ಬ್ರಿಡ್ಲಿಂಗ್ಟನ್ನಿನ ಲೀ ಕ್ಯಾಸಲ್‌ಟನ್ ಎಂಬವರು ಲೆಕ್ಕ ತಪ್ಪುತ್ತಿದೆಯೆಂದು ೨೦೦೪ರಲ್ಲಿ ಸಹಾಯವಾಣಿಗೆ ೯೧ ಬಾರಿ ದೂರವಾಣಿ ಮಾಡಿದರು. ಸುಮಾರು ೨೫,೦೦೦ ಪೌಂಡುಗಳ ವ್ಯಾಜ್ಯದಲ್ಲಿ ಅವರು ೨೦೦೭ರಲ್ಲಿ ಸೋತರು, ಅವರ ಮೇಲೆ ಬಿದ್ದ ವ್ಯಾಜ್ಯದ ವೆಚ್ಚವೇ ೩,೨೧,೦೦೦ ಪೌಂಡು, ಅವರು ದಿವಾಳಿಯಾದರು. ವೆಸ್ಟ್ ಬೈಫ್ಲೀಟಿನ ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಮಹಿಳೆಯನ್ನು, ಆಕೆ ಗರ್ಭಿಣಿಯಾಗಿದ್ದಾಗಲೇ, ೨೦೧೦ರ ನವೆಂಬರ್‌ನಲ್ಲಿ ಸೆರೆಮನೆಗೆ ಕಳುಹಿಸಲಾಯಿತು. ೧೯೯೯ರಿಂದ ೨೦೧೫ರವರೆಗೆ ಶಿಕ್ಷೆಗೊಳಗಾದವರು ಒಂಬೈನೂರಕ್ಕೂ ಹೆಚ್ಚು ಮಂದಿ. ಸಹಾಯವಾಣಿಗೆ ದೂರಿತ್ತವರಲ್ಲಿ ಅನೇಕರಿಗೆ ದೊರೆತ ಉತ್ತರವು, ‘ಇಂಥ ತೊಂದರೆ ನಿಮಗೊಬ್ಬರಿಗೇ’ ಎಂದು. ೨೦೧೯ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯವು ತಂತ್ರಾಂಶದಲ್ಲಿ ದೋಷಗಳಿದ್ದವೆಂದು ತೀರ್ಪಿತ್ತಿತು. ೨೦೨೧ರ ಏಪ್ರಿಲ್‌ನಲ್ಲಿ ೩೯ ಮಂದಿಯ ಶಿಕ್ಷೆ ರದ್ದಾಯಿತು, ಅವರಲ್ಲಿ ಸೀಮಾ ಮಿಶ್ರಾ ಒಬ್ಬರು. ಉಳಿದವರಿಗಾಗಿ ೨೦೨೪ರಲ್ಲಿ ಪಾರ್ಲಿಮೆಂಟೇ ಒಂದು ಕಾನೂನನ್ನು ಮಾಡಬೇಕಾಯಿತು. ೨೦೨೫ರ ಜುಲೈ ತಿಂಗಳಲ್ಲಿ ಹೊರಬಂದ ವಿಚಾರಣಾ ವರದಿಯು, ಈ ಪ್ರಕರಣದಿಂದ ನೊಂದು ಕನಿಷ್ಠಪಕ್ಷ ೧೩ ಜನ ಪ್ರಾಣ ಕಳೆದುಕೊಂಡಿರಬಹುದೆಂದು ಹೇಳಿದೆ.

ಗಣಕಯಂತ್ರವು ಸರಿಯಾಗಿಯೇ ಕೆಲಸಮಾಡುತ್ತಿತ್ತೆಂದು ಸಾಬೀತುಪಡಿಸಬೇಕೆಂಬ ನಿಯಮವು ಇಂಗ್ಲೆಂಡಿನ ೧೯೮೪ರ ಕಾನೂನಿನಲ್ಲಿ ಇತ್ತು. ೧೯೯೯ರ ಶಾಸನವು ಅದನ್ನು ತೆಗೆದುಹಾಕಿತು. ಯಂತ್ರವು ಸರಿಯೆಂದೇ ನ್ಯಾಯಾಲಯವು ಊಹಿಸುವಂತಾಯಿತು. ನಮ್ಮ ದೇಶದಲ್ಲಿ ಹಿಂದಿನ ಸಾಕ್ಷ್ಯ ಅಧಿನಿಯಮದ ೬೫-ಬಿ ಪ್ರಕರಣವೂ, ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣವೂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತವೆ. ಒಳ್ಳೆಯದೇ. ಆದರೆ ದೋಷಸೂಚನೆಗಳ ದಿನಚರಿಯನ್ನು ಕಾಪಾಡಿಡದ ಕಚೇರಿಯಲ್ಲಿ, ಯಂತ್ರವು ಆ ದಿನ ಸರಿಯಾಗಿತ್ತೆಂದು ರುಜು ಹಾಕುವವರು ಯಾವ ಆಧಾರದ ಮೇಲೆ ಹಾಕುತ್ತಾರೆ? ದೋಷಸೂಚನೆಯು ಲೆಕ್ಕಪುಸ್ತಕದ ಒಂದು ಅಂಗ. ರಶೀದಿಯನ್ನು ಎಷ್ಟು ವರ್ಷ ಇಡುತ್ತೇವೆಯೋ ಅದನ್ನೂ ಅಷ್ಟು ವರ್ಷ ಇಡಬೇಕು. ಲೆಕ್ಕಪರಿಶೋಧಕರು ಅದನ್ನು ಕೇಳಿ ನೋಡಬೇಕು. ಆಪಾದಿತನಾದ ಗುಮಾಸ್ತನಿಗೆ ಅದರ ನಕಲನ್ನು ಕೇಳುವ ಹಕ್ಕಿರಬೇಕು. ಈ ಲೇಖನದಲ್ಲಿ ನಾನು ವಾದಿಸಬಯಸುವ ಮುಖ್ಯ ವಿಷಯವು ಇದೇ.

ಸೂಚನೆಯನ್ನು ಬರೆದರೆ ಸಾಲದು, ಅದನ್ನು ಓದಬೇಕಾದವನ ಕೈಗೆ ಮುಟ್ಟಿಸಲೂಬೇಕು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರುವ್ಯಾಪಾರ ಸಂಸ್ಥೆಯವರು ೨೦೧೨ರಲ್ಲಿ ಹೊಸ ತಂತ್ರಾಂಶವನ್ನು ಅಳವಡಿಸುವಾಗ ಎಂಟು ಯಂತ್ರಗಳ ಪೈಕಿ ಒಂದನ್ನು ಮರೆತರು. ಆಗಸ್ಟ್ ೧ರ ಬೆಳಿಗ್ಗೆ ಪೇಟೆ ತೆರೆಯುವ ಮೊದಲೇ, ‘ಪವರ್ ಪೆಗ್’ ಎಂಬ ಹಳೆಯ ಕಾರ್ಯಕ್ರಮದ ಹೆಸರನ್ನು ಹಿಡಿದು ದೋಷವನ್ನು ತಿಳಿಸುವ ೯೭ ವಿದ್ಯುನ್ಮಾನ ಪತ್ರಗಳನ್ನು ಯಂತ್ರಗಳು ತಾವಾಗಿಯೇ ಸಿಬ್ಬಂದಿಗೆ ಕಳುಹಿಸಿದವು. ಅವು ಎಚ್ಚರಿಕೆಯ ಘಂಟೆಯೆಂದು ಏರ್ಪಟ್ಟವುಗಳಲ್ಲ, ಯಾರೂ ಗಮನಿಸಲಿಲ್ಲ. ಪೇಟೆ ತೆರೆದ ಮುಕ್ಕಾಲು ಗಂಟೆಯೊಳಗೆ ನಲವತ್ತು ಲಕ್ಷ ವ್ಯವಹಾರಗಳು ತಮ್ಮಷ್ಟಕ್ಕೆ ನಡೆದು, ಸಂಸ್ಥೆಯು ೪೬ ಕೋಟಿ ಡಾಲರುಗಳಿಗೂ ಮೀರಿ ಕಳೆದುಕೊಂಡಿತು. ಇಲ್ಲಿ ಮನುಷ್ಯರನ್ನು ಬಯ್ಯುವುದು ಸುಲಭ. ದಿನವೂ ನೂರಾರು ನಿರರ್ಥಕ ಎಚ್ಚರಿಕೆಗಳನ್ನು ನೋಡಿ ಜಡ್ಡುಗಟ್ಟಿದ ಕಣ್ಣು ನೂರೊಂದನೆಯದನ್ನು ಹೇಗೆ ಬೇರ್ಪಡಿಸೀತು? ಸ್ಯಾಪ್‌ನಲ್ಲಿ ಹಳದಿಯ ಎಚ್ಚರಿಕೆ ಬಂದರೆ ಎಂಟರ್ ಒತ್ತಿ ಮುಂದೆ ಸಾಗಬಹುದು. ಸಾವಿರ ಸಲ ಒತ್ತಿದ ಬೆರಳಿಗೆ ಓದುವ ಅಭ್ಯಾಸ ತಪ್ಪಿಹೋಗುತ್ತದೆ. ಬೇಡದ ಎಚ್ಚರಿಕೆಗಳನ್ನು ತೆಗೆದುಹಾಕುವುದು, ಗಂಭೀರವಾದವುಗಳನ್ನು ತಡೆಯುವ ದೋಷಗಳಾಗಿ ಬದಲಾಯಿಸುವುದು, ಇವೆರಡಕ್ಕೂ ತಂತ್ರಾಂಶದಲ್ಲಿ ಅವಕಾಶವಿರುತ್ತದೆ. ಕುಳಿತು ಮಾಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಇನ್ನು, ತೆರೆಯ ಮುಂದೆ ಕುಳಿತವರು ತಮ್ಮ ರಕ್ಷಣೆಗಾಗಿ ಮಾಡಬಹುದಾದುದೂ ಸ್ವಲ್ಪ ಇದೆ. ‘ಏನೋ ಎರರ್ ಬಂತು’ ಎಂದು ದೂರು ಕೊಡುವುದು, ವೈದ್ಯರಲ್ಲಿಗೆ ಹೋಗಿ ‘ಏನೋ ನೋವು’ ಎಂದು ಹೇಳಿ ಎದ್ದುಬಂದಂತೆ. ಸೂಚನೆಯನ್ನು ಅಕ್ಷರಶಃ, ಸಂಕೇತವನ್ನೂ ಸೇರಿಸಿ, ಗಂಟೆ ನಿಮಿಷಗಳೊಡನೆ ಬರೆದಿಟ್ಟುಕೊಳ್ಳಬೇಕು; ಕೈಯಲ್ಲಿಯೇ ಫೋನು ಇರುವಾಗ ತೆರೆಯ ಚಿತ್ರವನ್ನು ತೆಗೆದುಕೊಂಡರೆ ಇನ್ನೂ ಉತ್ತಮ. ಹಣದ ಅಥವಾ ಸರಕಿನ ವ್ಯವಹಾರವಾಗಿದ್ದಲ್ಲಿ, ಹಿಂದಿನದು ದಾಖಲಾಯಿತೋ ಇಲ್ಲವೋ ಎಂಬುದನ್ನು ನೋಡುವವರೆಗೆ ಎರಡನೆಯ ಸಲ ಗುಂಡಿಯೊತ್ತಬಾರದು. ನೆನ್ನೆ ಆದದ್ದು ಇಂದು ಆಗದಿದ್ದರೆ, ನೆನ್ನೆಗೂ ಇಂದಿಗೂ ನಡುವೆ ಬದಲಾದುದೇನೆಂದು ಕೇಳಬೇಕು. ಪಕ್ಕದವರ ಹೆಸರಿನಲ್ಲಿ ಅದೇ ದಾಖಲೆ ನಡೆದರೆ ಕುತ್ತು ಅಧಿಕಾರಪತ್ರದಲ್ಲಿದೆ, ನಡೆಯದಿದ್ದರೆ ದಾಖಲೆಯಲ್ಲಿದೆ. ನೂರು ಸಾಲುಗಳ ಪಟ್ಟಿಯೊಂದು ತಿರಸ್ಕೃತವಾದರೆ ಐವತ್ತೈವತ್ತಾಗಿ ಒಡೆದು ಹಾಕಿ ನೋಡುವುದು, ಮತ್ತೆ ಇಪ್ಪತ್ತೈದಾಗಿ ಒಡೆಯುವುದು. ಏಳು ಹೆಜ್ಜೆಗಳೊಳಗೆ ಕೆಟ್ಟ ಸಾಲು ಸಿಕ್ಕಿಬೀಳುತ್ತದೆ. ಯಾವ ಪ್ರಯೋಗಶಾಲೆಯಲ್ಲಿಯೂ ನಡೆಯುವ ವಿಜ್ಞಾನದ ಕ್ರಮ ಇದೇ.

ಕೊನೆಗೆ ಭಾಷೆಯ ಮಾತು. ನಮ್ಮ ಕಾರ್ಖಾನೆಗಳ ಉಗ್ರಾಣಗಳಲ್ಲಿಯೂ ಸಹಕಾರ ಸಂಘಗಳಲ್ಲಿಯೂ ದಿನವಿಡೀ ಕನ್ನಡದಲ್ಲಿ ವ್ಯವಹರಿಸುವವರಿಗೆ ದೋಷಸೂಚನೆಯು ಮಾತ್ರ ತಂತ್ರಜ್ಞರ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ನಿಘಂಟು ಹಿಡಿದು ತರ್ಜುಮೆ ಮಾಡಿದರೆ ಪ್ರಯೋಜನವಿಲ್ಲ. ‘ಎಕ್ಸೆಪ್ಷನ್’ ಎಂಬ ತಾಂತ್ರಿಕ ಶಬ್ದವನ್ನು ‘ವಿನಾಯಿತಿ’ ಎಂದು ಕನ್ನಡಿಸಿದರೆ, ತನಗೇನೋ ರಿಯಾಯಿತಿ ದೊರಕಿತೆಂದು ಗುಮಾಸ್ತನು ಸಂತೋಷಪಟ್ಟಾನು! ಸ್ಯಾಪ್ ಸಂಸ್ಥೆಯು ೧೯೯೮ರಿಂದ ಬೆಂಗಳೂರಿನಲ್ಲಿ ತನ್ನ ಸಂಶೋಧನಾಲಯವನ್ನು ನಡಸುತ್ತಿದೆ. ಇಂಥವುಗಳನ್ನು ಕಟ್ಟುವ ಎಂಜಿನಿಯರುಗಳಲ್ಲಿ ಕನ್ನಡಿಗರಿಗೆ ಕೊರತೆಯಿಲ್ಲ. ಸೂಚನೆಯನ್ನು ಬರೆದವರು ಅದನ್ನು ಪೀಣ್ಯದ ಯಾವುದಾದರೊಂದು ಉಗ್ರಾಣದಲ್ಲಿ ಕೆಲಸಮಾಡುವವನ ಮುಂದೆ ಇಟ್ಟು, ಅವನಿಗೆ ಏನು ಅರ್ಥವಾಯಿತೆಂದು ಕೇಳಿದ ಮೇಲೆಯೇ ಅದನ್ನು ತಂತ್ರಾಂಶಕ್ಕೆ ಸೇರಿಸಬೇಕೆಂದು ಕೊಳ್ಳುವ ಸಂಸ್ಥೆಗಳು ಕರಾರಿನಲ್ಲಿಯೇ ಬರೆಯಿಸಬಹುದು. ಮೇಲೆ ಹೇಳಿದ ಎಣ್ಣೆಯ ಪೀಪಾಯಿಗಳ ವಿಷಯದಲ್ಲಿ ಆ ಸೂಚನೆಯು ಹೀಗಿದ್ದರೆ ಸಾಕು: ‘ಈ ಉಗ್ರಾಣದ ಪುಸ್ತಕದಲ್ಲಿ ಕೊಡಲು ಎಣ್ಣೆಯಿಲ್ಲ. ೨೦ ಪೀಪಾಯಿಗಳು ಗುಣಪರೀಕ್ಷೆಯಲ್ಲಿವೆ. ತಪಾಸಣೆಯವರು ಬಿಡುಗಡೆ ಮಾಡಿದ ಮೇಲೆ ಕೊಡಬಹುದು. ನೀವು ಈಗ ಬರೆದ ದಾಖಲೆ ಉಳಿದಿಲ್ಲ, ಮತ್ತೆ ಬರೆಯಬೇಕಾಗುವುದು. ಸಂಕೇತ ಎಂ೭-೦೨೧.’ ಇದರಲ್ಲಿರುವ ಒಂದೊಂದು ಸಂಗತಿಯೂ ಯಂತ್ರಕ್ಕೆ ಈಗಾಗಲೇ ತಿಳಿದಿದೆ.